ಪಾಸಾದ ಮೇಲೆ ಯಾರ ಹೊಣೆ? ಖಾಸಗಿ ಐಟಿಐಗಳ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದಲೇ ಕನಕಪುರ, ಚನ್ನಪಟ್ಟಣ, ರಾಮನಗರ, ಮಾಗಡಿಯ ಬಸ್ ನಿಲ್ದಾಣಗಳ ಸುತ್ತ ಐಟಿಐ ಪ್ರವೇಶದ ಫ್ಲೆಕ್ಸುಗಳು ಏಳುತ್ತವೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಎಂದು ಟ್ರೇಡುಗಳ ಪಟ್ಟಿ, ಕೆಳಗೆ ನೂರಕ್ಕೆ ನೂರು ಉದ್ಯೋಗದ ಭರವಸೆ, ಅದರ ಕೆಳಗೊಂದು ಮೊಬೈಲ್ ನಂಬರು. ಹತ್ತನೇ ತರಗತಿಯನ್ನು ಹೇಗೋ ದಾಟಿದ ಹುಡುಗನ ಮನೆಯವರಿಗೆ ಮುಂದಿನ ದಾರಿಯ ಬಗ್ಗೆ ಸಿಗುವ ಮಾಹಿತಿ ಬಹುಮಟ್ಟಿಗೆ ಇಷ್ಟೇ. ಕಬ್ಬಾಳಿನಂಥ ಊರಿನಲ್ಲಿ ಕಬ್ಬಾಳಮ್ಮನ ದರ್ಶನಕ್ಕೆ ಬರುವ ಭಕ್ತರನ್ನು ನೆಚ್ಚಿದ ವ್ಯಾಪಾರ, ಒಂದಿಷ್ಟು ರಾಗಿ, ಒಂದಿಷ್ಟು ರೇಷ್ಮೆ ಇದೆ. ಮನೆಯ ಗಂಡುಮಕ್ಕಳೆಲ್ಲರ ಹೊಟ್ಟೆ ಅದರಿಂದಲೇ ತುಂಬದು. ಸಂಬಳದ ಕೆಲಸವೆಂದರೆ ಬಿಡದಿ, ಇಲ್ಲವೆ ಹಾರೋಹಳ್ಳಿ. ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಗೆ ಬಿಡದಿಯಲ್ಲಿ ವಾಹನ ತಯಾರಿಕೆ ಶುರುಮಾಡಿದ ಮೇಲೆ, ಬಿಡಿಭಾಗಗಳ ಕಾರ್ಖಾನೆಗಳು ಅದರ ಸುತ್ತ ನೆಲೆಯೂರಿದ ಮೇಲೆ, 2015ರಲ್ಲಿ ಬಾಷ್ ಕೂಡ ಅಲ್ಲಿಗೇ ಬಂದ ಮೇಲೆ, ಈಗ ಬೆಂಗಳೂರು ದಕ್ಷಿಣ ಎನಿಸಿಕೊಂಡಿರುವ ಹಳೆಯ ರಾಮನಗರ ಜಿಲ್ಲೆಯಲ್ಲಿ ಕೈಕೆಲಸ ಬಲ್ಲವರಿಗೆ ಬೇಡಿಕೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಬೇಡಿಕೆ ಇದೆ, ಕಲಿಯಲು ಹುಡುಗರಿದ್ದಾರೆ, ನಡುವೆ ಕಲಿಸುವುದಾಗಿ ಹೇಳುವ ಸಂಸ್ಥೆಗಳೂ ಬೇಕಾದಷ್ಟಿವೆ. ಆದರೂ ಕಾರ್ಖಾನೆಯವರು ಕೆಲಸ ಬಲ್ಲ ಹುಡುಗರು ಸಿಗುವುದಿಲ್ಲ ಎನ್ನುತ್ತಾರೆ, ಐಟಿಐ ಮುಗಿಸಿದ ಹುಡುಗರು ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜವಾಗಿರುವುದು ಹೇಗೆ ಎಂಬುದನ್ನು ನೋಡಬೇಕಿದೆ. ಈ ಚರ್ಚೆ ಸಾಮಾನ್ಯವಾಗಿ ಖಾಸಗಿ ಮೇಲೋ ಸರ್ಕಾರಿ ಮೇಲೋ ಎಂಬ ಜಗಳದಲ್ಲಿ ಕಳೆದುಹೋಗುತ್ತದೆ. ಹುಡುಗ ಕಲಿಯದೆ ಹೊರಬಿದ್ದರೆ ನಷ್ಟ ಯಾರಿಗೆ ಎಂಬ ಪ್ರಶ್ನೆ ಹಿಡಿದು ಹೊರಟರೆ ಚಿತ್ರ ಬೇರೆಯೇ ಆಗುತ್ತದೆ.

ಕಸಬನ್ನು ಶಾಲೆಯಲ್ಲಿ ಕಲಿಸುವ ಏರ್ಪಾಡು ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿನಲ್ಲಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಅದರ ಹಿಂದೆ ವಿಶ್ವೇಶ್ವರಯ್ಯನವರ ಒತ್ತಾಸೆ ಇತ್ತು. ಕೇಂದ್ರ ಸರ್ಕಾರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳನ್ನು ತೆರೆಯತೊಡಗಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಆಗಿನ ಲೆಕ್ಕ ಸರಳವಾಗಿತ್ತು. ಎಚ್‌ಎಎಲ್, ಎಚ್‌ಎಂಟಿ, ಮೈಕೋದಂಥ ಕಾರ್ಖಾನೆಗಳಿಗೆ ಟರ್ನರ್, ಫಿಟ್ಟರ್ ಬೇಕಿದ್ದರು. ಐಟಿಐ ಹುಡುಗನಿಗೆ ಅಲ್ಲಿ ಅಪ್ರೆಂಟಿಸ್ ಆಗುವ ಅವಕಾಶವಿತ್ತು, ಕೈ ಚೆನ್ನಾಗಿದ್ದರೆ ಕಾಯಂ ಆಗುವ ಆಸೆಯೂ ಇತ್ತು. ಸೀಟುಗಳು ಕಡಿಮೆ, ಕಲಿತವನನ್ನು ನೋಡುವ ಕಣ್ಣುಗಳು ಹತ್ತಿರದಲ್ಲೇ ಇದ್ದವು. ಕಳಪೆ ಹುಡುಗರನ್ನು ಕಳಿಸಿದ ಐಟಿಐ ಯಾವುದು ಎಂಬುದು ಕಾರ್ಖಾನೆಯ ಟ್ರೈನಿಂಗ್ ಸ್ಕೂಲಿನ ಮೇಷ್ಟ್ರಿಗೆ ವಾರದೊಳಗೆ ತಿಳಿಯುತ್ತಿತ್ತು. ಈ ನಂಟು ಸಡಿಲಾದದ್ದು ಸಂಖ್ಯೆ ಸ್ಫೋಟಿಸಿದಾಗ. ದೇಶದಲ್ಲಿ 2007ರ ಹೊತ್ತಿಗೆ ಸುಮಾರು ಎರಡು ಸಾವಿರವಿದ್ದ ಖಾಸಗಿ ಐಟಿಐಗಳು ಮುಂದಿನ ಹತ್ತೇ ವರ್ಷದಲ್ಲಿ ಹನ್ನೊಂದು ಸಾವಿರ ದಾಟಿದವು. ಮಾನ್ಯತೆಗೆ ಮುಂಚಿನ ತಪಾಸಣೆಯನ್ನು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾಗೆ ಒಪ್ಪಿಸಿದ್ದ ವರ್ಷಗಳಲ್ಲಂತೂ ಅರ್ಜಿ ಹಾಕಿದವರಿಗೆಲ್ಲ ಬಾಗಿಲು ತೆರೆದಂತಾಯಿತು. ಸಂಸತ್ತಿನ ಕಾರ್ಮಿಕ ಸ್ಥಾಯಿ ಸಮಿತಿ ತನ್ನ ವರದಿಯಲ್ಲಿ ಇದನ್ನು ಕಟುವಾಗಿಯೇ ಟೀಕಿಸಿತು. ನೀತಿ ಆಯೋಗದ 2023ರ ವರದಿಯ ವೇಳೆಗೆ ದೇಶದಲ್ಲಿದ್ದ ಐಟಿಐಗಳು ಹತ್ತಿರಹತ್ತಿರ 15 ಸಾವಿರ. ಐದರಲ್ಲಿ ನಾಲ್ಕರಷ್ಟು ಖಾಸಗಿ. ಕಟ್ಟಿದ ಸೀಟುಗಳಲ್ಲಿ ತುಂಬುತ್ತಿದ್ದದ್ದು ಅರ್ಧದಷ್ಟು ಮಾತ್ರ.

ಇವನ್ನು ಲಾಭದ ಶಾಲೆಗಳೆಂದು ಕರೆದರೆ ನಡೆಸುವವರು ಒಪ್ಪಲಾರರು. ಕಾಗದದ ಮೇಲೆ ಹೆಚ್ಚಿನವು ಟ್ರಸ್ಟ್, ಇಲ್ಲವೆ ಸೊಸೈಟಿ. ಶಿಕ್ಷಣ ವ್ಯಾಪಾರವಾಗಬಾರದು, ಆದರೆ ಬೆಳವಣಿಗೆಗೆ ಬೇಕಾದಷ್ಟು ಉಳಿತಾಯ ಇರಬಹುದು ಎಂಬ ಗೆರೆಯನ್ನು ಸುಪ್ರೀಂ ಕೋರ್ಟ್ ಎಳೆದದ್ದು ನಮ್ಮ ರಾಜ್ಯದ್ದೇ ಆದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, 2002ರಲ್ಲಿ. ಆ ಗೆರೆ ದಾಟಲು ಮಾರ್ಗಗಳಿಗೇನೂ ಬರವಿಲ್ಲ. ಶಾಲೆ ಟ್ರಸ್ಟಿನದು, ಕಟ್ಟಡ ಟ್ರಸ್ಟಿಯ ಹೆಂಡತಿಯದು, ಬಾಡಿಗೆ ಎಷ್ಟೆಂಬುದು ಅವರಿಬ್ಬರ ನಡುವಿನ ವಿಷಯ. ಹಾಗಿದ್ದರೂ ಲಾಭವೇ ಇಲ್ಲಿನ ರೋಗ ಎಂದು ನನಗನ್ನಿಸುವುದಿಲ್ಲ. ಟೈಲರಿಂಗ್‌ನಿಂದ ಹಿಡಿದು ಡ್ರೈವಿಂಗ್ ಸ್ಕೂಲಿನವರೆಗೆ ಲಾಭಕ್ಕೇ ನಡೆಯುವ, ಕಲಿಸಿಯೂ ಕಳಿಸುವ ಜಾಗಗಳು ನಮ್ಮ ಪೇಟೆಗಳಲ್ಲಿವೆ. ಹೊಲಿಗೆ ಬಾರದಿದ್ದರೆ ತಿಂಗಳೊಳಗೆ ಊರಿಗೇ ಗೊತ್ತಾಗುತ್ತದೆ. ಐಟಿಐನಲ್ಲಿ ಹಾಗಾಗುವುದಿಲ್ಲ. ಫೀಸು ಕೊಡುವ ತಂದೆಗೆ ಕಲಿಕೆಯ ಗುಣ ತೂಗಿ ನೋಡುವ ಬಗೆ ಗೊತ್ತಿಲ್ಲ. ತೂಗಬಲ್ಲ ಕಾರ್ಖಾನೆ ಶಾಲೆಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಶುಲ್ಕ ಭರಿಸುವ ಸರ್ಕಾರ ಹಾಜರಿ ಪುಸ್ತಕ ನೋಡುತ್ತದೆ. ಆದಾಯದ ಅಷ್ಟೂ ಭಾಗ ಪ್ರವೇಶದ ಹೊತ್ತಿಗೇ ನಿಶ್ಚಯವಾಗಿಬಿಡುತ್ತದೆ. ಆಮೇಲೆ ಖರ್ಚಾಗುವ ಪ್ರತಿ ರೂಪಾಯಿಯೂ ಉಳಿತಾಯದಿಂದ ಕಳೆಯುವ ರೂಪಾಯಿ.

ಆ ಖರ್ಚು ಎಲ್ಲಿ ಬೀಳುತ್ತದೆಂದು ವರ್ಕ್‌ಶಾಪಿನೊಳಗೆ ಇಣುಕಿದರೆ ತಿಳಿಯುತ್ತದೆ. ಫಿಟ್ಟರ್ ಟ್ರೇಡಿನ ಹುಡುಗನ ಮೊದಲ ತಿಂಗಳುಗಳೆಲ್ಲ ಅರ ಹಿಡಿಯುವುದರಲ್ಲೇ ಕಳೆಯಬೇಕು. ಕಬ್ಬಿಣದ ಚಪ್ಪಟೆ ತುಂಡೊಂದನ್ನು ವೈಸಿಗೆ ಕಚ್ಚಿಸಿ, ಮೈಯ ಭಾರವನ್ನೆಲ್ಲ ಅರದ ಮೇಲೆ ಸಮನಾಗಿ ಬಿಟ್ಟು ತಳ್ಳುತ್ತಾ, ಹಿಂದಕ್ಕೆ ಎಳೆಯುವಾಗ ಭಾರ ತೆಗೆಯುತ್ತಾ, ಮೈ ಸಮತಟ್ಟಾಯಿತೇ ಎಂದು ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಅಂಚಿನಡಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಅರ. ಒಂದು ತುಂಡಿನಲ್ಲಿ ಹಲ್ಲು, ಇನ್ನೊಂದರಲ್ಲಿ ಅದಕ್ಕೆ ಹೊಂದುವ ಕಚ್ಚು ಕೊರೆದು, ಎರಡನ್ನೂ ಸೇರಿಸಿ ಬೆಳಕು ತೂರದಂತೆ ಕೂರಿಸುವ ಹೊತ್ತಿಗೆ ಹುಡುಗ ಎಷ್ಟೋ ತುಂಡು ಹಾಳುಮಾಡಿರುತ್ತಾನೆ. ಹಾಳುಮಾಡಲೇಬೇಕು, ಕೈಗೆ ಅಳತೆ ಬರುವುದು ಹಾಗೆಯೇ. ಆದರೆ ಹಾಳಾದ ಕಬ್ಬಿಣ, ಸವೆದ ಅರ, ಮುರಿದ ಹ್ಯಾಕ್ಸಾ ಬ್ಲೇಡು, ವೆಲ್ಡಿಂಗ್ ರಾಡು, ಲೇತಿನ ವಿದ್ಯುತ್ ಬಿಲ್ಲು ಎಲ್ಲವೂ ದುಡ್ಡು. ಇಪ್ಪತ್ತು ಮಂದಿಯನ್ನು ಬೆಂಚಿನ ಮೇಲೆ ಕೂರಿಸಿ ಥಿಯರಿ ಬರೆಸಿದರೆ ಸೀಮೆಸುಣ್ಣ ಮಾತ್ರ ಖರ್ಚು. ಯಾರೂ ದುಷ್ಟರಾಗಬೇಕಿಲ್ಲ, ಈ ಲೆಕ್ಕವೇ ಮೆಲ್ಲಗೆ ವರ್ಕ್‌ಶಾಪಿನ ಬಾಗಿಲು ಮುಚ್ಚಿಸುತ್ತದೆ. ತಪಾಸಣೆಗೆ ತೋರಿಸಲು ಯಂತ್ರ ಇರುತ್ತದೆ. ಅದು ಓಡುತ್ತದೆಯೇ, ಎಷ್ಟು ಹುಡುಗರ ಕೈಗೆ ಸಿಗುತ್ತದೆ ಎಂದು ಕೇಳುವವರಿಲ್ಲ.

ಮೋಟಾರ್ ವೆಹಿಕಲ್ ಟ್ರೇಡಿನಲ್ಲಿ ಈ ಅಂತರ ಇನ್ನೂ ದೊಡ್ಡದು, ಏಕೆಂದರೆ ವಾಹನವೇ ಬದಲಾಗಿದೆ. ಸ್ಟ್ಯಾಂಡಿನ ಮೇಲೆ ಅರ್ಧ ಕತ್ತರಿಸಿ ಬಣ್ಣ ಬಳಿದ ಹಳೆಯ ಡೀಸೆಲ್ ಎಂಜಿನ್ ಇಟ್ಟು ಪಿಸ್ಟನ್, ವಾಲ್ವ್ ತೋರಿಸುವುದು ಒಂದು ಕಾಲಕ್ಕೆ ಸಾಕಾಗಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್6 ಹೊಗೆ ಮಾನದಂಡ ಜಾರಿಗೆ ಬಂದ ಮೇಲೆ ಬಹುಪಾಲು ಬೈಕುಗಳಿಗೂ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಬಂತು. ಡೀಸೆಲ್ ಗಾಡಿಗಳ ಕಾಮನ್ ರೈಲ್‌ನಲ್ಲಿ ಇಂಧನದ ಒತ್ತಡ ಸಾವಿರದ ಆರುನೂರು ಬಾರ್ ದಾಟುತ್ತದೆ. ಹಳೆಯ ರೂಢಿಯಂತೆ ಎಂಜಿನ್ ಓಡುವಾಗಲೇ ಪೈಪಿನ ನಟ್ಟು ಸಡಿಲಿಸಿ ನೋಡಹೋದರೆ ಚರ್ಮ ಸೀಳೀತು. ದೋಷ ಹುಡುಕಲು ಈಗ ಕಿವಿಗಿಂತ ಮೊದಲು ಸ್ಕ್ಯಾನರ್ ಬೇಕು, ಸ್ಕ್ಯಾನರ್ ತೋರಿಸಿದ ಕೋಡನ್ನು ನಂಬಬೇಕೇ ಬೇಡವೇ ಎಂದು ತೀರ್ಮಾನಿಸಲು ಮತ್ತೆ ಕಿವಿ ಬೇಕು. ಸೆನ್ಸರ್ ಕೆಟ್ಟಿದೆ ಎಂದು ಯಂತ್ರ ಹೇಳಿದಾಗ ಕೆಟ್ಟಿರುವುದು ಸೆನ್ಸರೋ, ಅದಕ್ಕೆ ಬರುವ ವೈರನ್ನು ಇಲಿ ಕಡಿದಿದೆಯೋ ಎಂದು ಮಲ್ಟಿಮೀಟರ್ ಇಟ್ಟು ನೋಡುವವನೇ ಮೆಕ್ಯಾನಿಕ್. ಕೋಡು ಓದಿ ಹೊಸ ಸೆನ್ಸರ್ ಹಾಕುವವನು ಬರೀ ಬಿಡಿಭಾಗ ಬದಲಿಸುವವನು. ಇದನ್ನು ಕಲಿಸಲು ಓಡುವ ಬಿಎಸ್6 ವಾಹನ ಬೇಕು, ಅದಕ್ಕೆ ಬೇಕೆಂದೇ ದೋಷ ಹಾಕಿ ಹುಡುಕಿಸುವ ಶಿಕ್ಷಕ ಬೇಕು. ಎಲೆಕ್ಟ್ರಿಕ್ ವಾಹನದ ಮೆಕ್ಯಾನಿಕ್ ಎಂಬ ಹೊಸ ಟ್ರೇಡೂ ಈಗ ಇದೆ. ಕಾರುಗಳ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ಅದನ್ನು ಕಪ್ಪುಹಲಗೆಯ ಮೇಲೆ ಕಲಿತವನನ್ನು ಗಾಡಿಯ ಹತ್ತಿರ ಬಿಡುವುದು ಅಪಾಯ.

ಇಲ್ಲಿ ಶಾಲೆ ನಡೆಸುವವರು ಒಂದು ಮಾತು ಹೇಳುತ್ತಾರೆ: ಹುಡುಗರಿಗೇ ಕೆಲಸ ಕಲಿಯುವ ಆಸೆಯಿಲ್ಲ, ಅವರಿಗೆ ಬೇಕಿರುವುದು ಸರ್ಟಿಫಿಕೇಟು. ಮಾತಿನಲ್ಲಿ ಸುಳ್ಳಿಲ್ಲ, ಆದರೆ ತಪ್ಪನ್ನು ಹುಡುಗರ ಮೇಲೆ ಹೊರಿಸುವುದು ಸರಿಯಲ್ಲ. ಕೆಎಸ್‌ಆರ್‌ಟಿಸಿಯ ತಾಂತ್ರಿಕ ಸಹಾಯಕ ಹುದ್ದೆಗೆ, ರೈಲ್ವೆಯ ಅಪ್ರೆಂಟಿಸ್‌ಗೆ ಐಟಿಐ ಪ್ರಮಾಣಪತ್ರ ಬೇಕೇಬೇಕು. ಅರ್ಜಿ ಹಾಕುವ ಹಂತದಲ್ಲಿ ಅರ ಹಿಡಿಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಸರ್ಕಾರಿ ನೌಕರಿಯ ಆಸೆ ಇಟ್ಟುಕೊಂಡ ಮನೆಗೆ ಪ್ರಮಾಣಪತ್ರವೇ ಸರಕು, ಕಸಬು ಉಪ ಉತ್ಪನ್ನ. ಶಾಲೆಗೂ ಪ್ರಮಾಣಪತ್ರ ಕೊಡುವುದೇ ಅಗ್ಗ. ಕೊಳ್ಳುವವನೂ ಮಾರುವವನೂ ಇಬ್ಬರೂ ಕಾಗದಕ್ಕೇ ಒಪ್ಪಿಕೊಂಡ ಮೇಲೆ ನಡುವೆ ವರ್ಕ್‌ಶಾಪ್ ಬಡವಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಹುದ್ದೆಗಳು ಸಿಗುವುದು ಬೆರಳೆಣಿಕೆಯ ಮಂದಿಗೆ. ಉಳಿದವರು ವರ್ಷಗಟ್ಟಲೆ ಅರ್ಜಿ ಹಾಕಿ ದಣಿದು ಕೊನೆಗೆ ಬಿಡದಿಯ ಕಾಂಟ್ರ್ಯಾಕ್ಟರ ಬಾಗಿಲಿಗೆ ಹೋಗುವಾಗ ಕೈಯಲ್ಲಿ ಕಾಗದ ಮಾತ್ರ ಇರುತ್ತದೆ, ಕೈಗೆ ಕೆಲಸ ಬಂದಿರುವುದಿಲ್ಲ.

ಲೆಕ್ಕವನ್ನು ತಿರುಗಿಸಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯೊಳಗೇ ಉದಾಹರಣೆ ಇದೆ. ಟೊಯೊಟಾ ಕಿರ್ಲೋಸ್ಕರ್ 2007ರಲ್ಲಿ ಬಿಡದಿಯಲ್ಲಿ ತನ್ನದೇ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಹತ್ತನೇ ತರಗತಿ ಮುಗಿಸಿದ ಹಳ್ಳಿ ಹುಡುಗರನ್ನು ಆರಿಸಿ, ಅಲ್ಲೇ ಇರಿಸಿಕೊಂಡು, ಮೂರು ವರ್ಷ ಜೋಡಣೆ, ವೆಲ್ಡಿಂಗ್, ಪೇಂಟಿಂಗ್, ಮೆಕಟ್ರಾನಿಕ್ಸ್ ಕಲಿಸುವ ಶಾಲೆ ಅದು. ಭಾರತ–ಜಪಾನ್ ಒಪ್ಪಂದದಡಿ 2017ರಲ್ಲಿ ಶುರುವಾದ ಮೊದಲ ಜಪಾನ್–ಇಂಡಿಯಾ ತಯಾರಿಕಾ ಸಂಸ್ಥೆಗಳಲ್ಲಿ ಅದೂ ಒಂದು. ಆಮೇಲೆ ಹೆಣ್ಣುಮಕ್ಕಳಿಗೂ ಅವಕಾಶ ತೆರೆಯಿತು. ಅಲ್ಲಿ ಕಲಿಕೆ ಗಟ್ಟಿಯಾಗಿರುವುದಕ್ಕೆ ಜಪಾನಿನ ಶಿಸ್ತನ್ನು ಹೊಗಳುವುದು ರೂಢಿ. ನನಗೆ ಕಾಣುವ ಕಾರಣ ಇನ್ನೂ ಸರಳ: ಸಡಿಲವಾಗಿ ಬೋಲ್ಟು ಬಿಗಿದ ಹುಡುಗ ನಾಳೆ ಅದೇ ಕಂಪನಿಯ ಲೈನಿನಲ್ಲಿ ನಿಲ್ಲುತ್ತಾನೆ. ಕಲಿಸದಿದ್ದರೆ ನಷ್ಟ ಕಲಿಸಿದವರಿಗೇ. ಹಾಗೆಂದು ಇದನ್ನೇ ಎಲ್ಲೆಡೆ ನಕಲು ಮಾಡಿ ಎನ್ನಲಾಗದು. ಆಯ್ಕೆ ಪರೀಕ್ಷೆಯಲ್ಲಿ ಚುರುಕು ಮಕ್ಕಳೇ ಬರುತ್ತಾರೆ. ಇನ್ನೂರರಷ್ಟಿದ್ದ ಸಂಖ್ಯೆಯನ್ನು ಸಾವಿರದ ಇನ್ನೂರಕ್ಕೆ ಏರಿಸುವ ಯೋಜನೆ ಹಾಕಿಕೊಂಡರೂ ಒಂದು ಜಿಲ್ಲೆಯ ಹಸಿವೆಗೇ ಅದು ಸಾಲದು. ಒಂದೇ ಕಂಪನಿಯ ಪದ್ಧತಿಗೆ ಒಗ್ಗಿದ ಹುಡುಗ ಆ ಕಂಪನಿಯ ಹವಾಮಾನಕ್ಕೆ ಕಟ್ಟುಬೀಳುತ್ತಾನೆ. 2020ರ ನವೆಂಬರ್‌ನಲ್ಲಿ ಅದೇ ಬಿಡದಿಯ ಕಾರ್ಖಾನೆ ಲಾಕ್‌ಔಟ್ ಆಗಿ, ಕೆಲಸದ ಒತ್ತಡದ ದೂರು, ಯೂನಿಯನ್ ಮುಷ್ಕರಗಳ ನಡುವೆ ವಿವಾದ 2021ರ ಮಾರ್ಚ್‌ವರೆಗೂ ಎಳೆದದ್ದು ಮರೆಯುವಂಥದ್ದಲ್ಲ.

ಸರ್ಕಾರಿ ಐಟಿಐ ಎಂದರೆ ಉತ್ತರ ಸಿಕ್ಕಿತೆಂದೂ ತಿಳಿಯಬಾರದು. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯ ಸರ್ಕಾರ 150 ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ ಯೋಜನೆಯ ಮೊತ್ತ 4,600 ಕೋಟಿ ರೂಪಾಯಿಗೂ ಮೇಲೆ. ಪ್ರಧಾನಿ 2022ರ ಜೂನ್‌ನಲ್ಲಿ ಬೆಂಗಳೂರಿಗೆ ಬಂದು ಉದ್ಘಾಟಿಸಿದರು. ರೋಬಾಟ್, ಸಿಎನ್‌ಸಿ, ತ್ರೀಡಿ ಪ್ರಿಂಟರ್ ಬಂದವು. ಆ ಯಂತ್ರದ ಪಕ್ಕ ನಿಂತು ಕಲಿಸಬೇಕಾದವರು ಜೆಟಿಒಗಳು, ಅಂದರೆ ಕಿರಿಯ ತರಬೇತಿ ಅಧಿಕಾರಿಗಳು. 2018ರಲ್ಲಿ ಕರೆದ ಜೆಟಿಒ ನೇಮಕಾತಿ ವರ್ಷಗಟ್ಟಲೆ ಎಳೆದಾಡಿ, ಆಯ್ಕೆಯಾದವರು ಆದೇಶಕ್ಕಾಗಿ ಬೀದಿಗಿಳಿಯಬೇಕಾಯಿತು. ಅಲ್ಲಿಯವರೆಗೆ ಅತಿಥಿ ಬೋಧಕರೇ ಗತಿ. ಕಲಿಸಿದರೂ ಸಂಬಳ ಬರುತ್ತದೆ, ಕಲಿಸದಿದ್ದರೂ ಬರುತ್ತದೆ ಎಂಬ ಸ್ಥಿತಿಯಲ್ಲಿ ಸರ್ಕಾರಿ ಶಾಲೆಯನ್ನು ನಿಲ್ಲಿಸಿರುವುದು ಕೆಲವು ಶಿಕ್ಷಕರ ಆತ್ಮಗೌರವ. ಅದನ್ನು ನೆಚ್ಚಿ ನೀತಿ ಕಟ್ಟಲಾಗದು. ಖಾಸಗಿಯಲ್ಲಿ ಉಳಿತಾಯದ ಆಸೆ, ಸರ್ಕಾರಿಯಲ್ಲಿ ಉದಾಸೀನ: ಎರಡಕ್ಕೂ ಬೇರು ಒಂದೇ. ಹುಡುಗ ಹೊರಬಿದ್ದ ಮೇಲೆ ಅವನ ಗತಿ ಏನಾಯಿತೆಂಬುದು ಶಾಲೆಗೆ ತಟ್ಟುವುದಿಲ್ಲ.

ಈ ಎರಡರ ನಡುವೆ ನಮ್ಮ ರಾಜ್ಯದ್ದೇ ಒಂದು ಸಂಸ್ಥೆ ಇದೆ, ಚರ್ಚೆಯಲ್ಲಿ ಅದರ ಹೆಸರು ಬರುವುದೇ ಅಪರೂಪ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಕನಕಪುರದಲ್ಲೂ ಕೇಂದ್ರವಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ. ಇದು ಫೀಸು ತೆಗೆದುಕೊಳ್ಳುತ್ತದೆ. ಜೊತೆಗೆ ಕಾರ್ಖಾನೆಗಳಿಗೆ ಅಚ್ಚು, ಡೈ, ಬಿಡಿಭಾಗಗಳನ್ನು ಮಾಡಿಕೊಟ್ಟು ಸಂಪಾದಿಸುತ್ತದೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದ ಹುಡುಗ ಮೂರು ವರ್ಷ ಓಡುವ ಯಂತ್ರಗಳ ನಡುವೆಯೇ ಕಲಿತು, ನಾಲ್ಕನೇ ವರ್ಷ ಕಾರ್ಖಾನೆಯೊಳಗೆ ತರಬೇತಿಗೆ ಹೋಗುತ್ತಾನೆ. ಡೈ ಅಳತೆಗೆ ಬರದಿದ್ದರೆ ಗಿರಾಕಿ ವಾಪಸು ಕಳಿಸುತ್ತಾನೆ. ಸಂಸ್ಥೆಗೆ ಹಣ ಬರುವ ದಾರಿಯಲ್ಲೇ ಕಸಬಿನ ಪರೀಕ್ಷೆಯೂ ಕುಳಿತಿದೆ. ಇದು ಪೂರ್ತಿ ಸರ್ಕಾರಿಯ ಧಾಟಿಯಲ್ಲೂ ಇಲ್ಲ, ಖಾಸಗಿಯೂ ಅಲ್ಲ. ಫೀಸು ಇದ್ದೂ ಶಾಲೆ ಕೆಟ್ಟಿಲ್ಲ. ದುಡ್ಡು ತೆಗೆದುಕೊಂಡರೆ ಕಲಿಕೆ ಹಾಳು ಎನ್ನುವವರು ಇದನ್ನು ನೋಡಬೇಕು. ಖಾಸಗಿಯವರಿಗೆ ಬಿಟ್ಟರೆ ದಕ್ಷತೆ ತಾನಾಗಿ ಬರುತ್ತದೆ ಎನ್ನುವವರೂ ನೋಡಬೇಕು.

ಇನ್ನು ಸಾತನೂರು, ಕನಕಪುರ ರಸ್ತೆಬದಿಯ ಶೆಡ್ಡುಗಳು. ಹತ್ತನೇ ತರಗತಿ ಫೇಲಾದ ಹುಡುಗ ಸ್ಪ್ಯಾನರ್ ಎತ್ತಿಕೊಡುತ್ತಾ, ಟ್ಯಾಪೆಟ್ ಸೆಟ್ ಮಾಡುವುದನ್ನು ನೋಡುತ್ತಾ, ಮೇಸ್ತ್ರಿ ಊಟಕ್ಕೆ ಹೋದಾಗ ತಾನೇ ಕೈ ಹಾಕಿ ಬೈಸಿಕೊಳ್ಳುತ್ತಾ ಎರಡು ಮೂರು ವರ್ಷದಲ್ಲಿ ಮೆಕ್ಯಾನಿಕ್ ಆಗುತ್ತಾನೆ. ಜಿಲ್ಲೆಯ ಬೈಕು, ಟ್ರ್ಯಾಕ್ಟರ್‌ಗಳನ್ನು ಓಡಿಸುತ್ತಿರುವುದು ಈ ವಿಶ್ವವಿದ್ಯಾಲಯವೇ. ಅದನ್ನು ಹಾಡಿಹೊಗಳುವುದು ಸುಲಭ. ಅಲ್ಲಿ ಕಲಿಯುವವನಿಗೆ ಸಂಬಳವಿಲ್ಲದ ತಿಂಗಳುಗಳಿವೆ, ಕನ್ನಡಕ, ಕೈಗವಸು ಇಲ್ಲದ ಗ್ರೈಂಡಿಂಗ್ ಇದೆ, ಕಾರಣ ಗೊತ್ತಿಲ್ಲದ ರೂಢಿಗಳಿವೆ, ಮತ್ತು ಮೇಸ್ತ್ರಿಗೆ ಗೊತ್ತಿರುವಷ್ಟೇ ಶಿಷ್ಯನಿಗೂ ಬರುತ್ತದೆ. ಕಾರ್ಬುರೇಟರ್ ಬಲ್ಲ ಮೇಸ್ತ್ರಿಯಿಂದ ಇಂಜೆಕ್ಷನ್ ಕಲಿಯಲಾಗದು. ಆದರೂ ಶೆಡ್ಡಿನಲ್ಲಿ ಒಂದು ಮಾತು ನಿಜ: ಗಾಡಿ ಸ್ಟಾರ್ಟ್ ಆಗಲೇಬೇಕು. ಆಗದಿದ್ದರೆ ಗಿರಾಕಿ ದುಡ್ಡು ಕೊಡುವುದಿಲ್ಲ.

ಲಾಭಕ್ಕಾಗಿ ಮೆಕ್ಯಾನಿಕ್ ಶಾಲೆ ನಡೆಸುವುದನ್ನು ದೊಡ್ಡ ಉದ್ಯಮವಾಗಿಸಿದ ದೇಶ ಅಮೆರಿಕ. ಅಲ್ಲಿ ಇಂಥ ಕಂಪನಿಗಳು ಷೇರುಪೇಟೆಯಲ್ಲಿವೆ, ಫೀಸು ಹೆಚ್ಚಿನಂಶ ಸರ್ಕಾರದ ಶಿಕ್ಷಣ ಸಾಲ, ನೆರವಿನಿಂದ ಬರುತ್ತದೆ. ವಯೋಟೆಕ್ ಎಂಬ ಹೆಸರಾದ ಆಟೊ ಶಾಲೆಯನ್ನೂ ಹೊಂದಿದ್ದ ಕೊರಿಂಥಿಯನ್ ಕಾಲೇಜುಗಳ ಕಂಪನಿ, ಉದ್ಯೋಗ ಸಿಕ್ಕವರ ಪ್ರಮಾಣವನ್ನು ಉಬ್ಬಿಸಿ ಹೇಳಿದ ಆರೋಪಗಳ ನಡುವೆ 2015ರಲ್ಲಿ ದಿವಾಳಿ ಎದ್ದಿತು; ಐಟಿಟಿ ಟೆಕ್ 2016ರಲ್ಲಿ ಒಮ್ಮೆಲೇ ಬಾಗಿಲು ಹಾಕಿತು. ಅದೇ ಉದ್ಯಮದ ಬೇರೆ ಶಾಲೆಗಳು ಇಂದಿಗೂ ಒಳ್ಳೆಯ ಮೆಕ್ಯಾನಿಕ್‌ಗಳನ್ನು ತಯಾರಿಸುತ್ತಿವೆ. ಅಲ್ಲಿಂದ ಕಲಿಯಬೇಕಾದ ಪಾಠ ಆ ದೇಶದ ಸರ್ಕಾರ 2014ರಲ್ಲಿ ತಂದ ನಿಯಮದಲ್ಲಿದೆ: ಕೋರ್ಸು ಮುಗಿಸಿದವರ ಸಂಪಾದನೆಗೆ ಹೋಲಿಸಿದರೆ ಅವರ ಸಾಲದ ಕಂತು ವಿಪರೀತವಾಗಿದ್ದರೆ ಆ ಕೋರ್ಸಿಗೆ ಸರ್ಕಾರದ ಸಾಲ ಬಂದ್. 2019ರಲ್ಲಿ ಬೇರೆ ಸರ್ಕಾರ ಅದನ್ನು ಕಿತ್ತುಹಾಕಿತು, 2023ರಲ್ಲಿ ಇನ್ನೊಂದು ಮರಳಿ ತಂದಿತು. ಶಾಲೆಗಳ ಲಾಬಿ ಅದರ ಹಿಂದೆ ಬಿದ್ದ ಪರಿ ನೋಡಿದರೇ ನಿಯಮ ಎಲ್ಲಿ ಚುಚ್ಚಿತ್ತು ಎಂಬುದು ತಿಳಿಯುತ್ತದೆ.

ಹಾಗಾದರೆ ಉದ್ಯೋಗ ಸಿಕ್ಕಿದ ಮೇಲೆ ದುಡ್ಡು ಎಂಬ ಕರಾರು ಹಾಕಿದರಾಯಿತಲ್ಲ? ಅಷ್ಟು ಸುಲಭವಲ್ಲ, ನಾವು ಅದನ್ನೂ ಮಾಡಿ ನೋಡಿದ್ದೇವೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೇ ಹಂತದಲ್ಲಿ ತರಬೇತಿ ಸಂಸ್ಥೆಗಳಿಗೆ ಹಣ ಮೂರು ಕಂತಿನಲ್ಲಿ ಬರುತ್ತಿತ್ತು; ಕೊನೆಯ ಶೇ 20 ಉದ್ಯೋಗ ಕೊಡಿಸಿದ ಮೇಲೆ. ಉದ್ಯೋಗ ಕೊಡಿಸಿದ್ದಕ್ಕೆ ಪುರಾವೆಯನ್ನು ಒದಗಿಸುತ್ತಿದ್ದವರು ಹಣ ಪಡೆಯುತ್ತಿದ್ದವರೇ. 2025ರ ಕೊನೆಗೆ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆಯ ಜಾಗದಲ್ಲಿ ಅರ್ಥವಿಲ್ಲದ ಅಂಕಿಗಳು, ಹಲವು ಫಲಾನುಭವಿಗಳಿಗೆ ಒಂದೇ ಫೋಟೊ ಇತ್ಯಾದಿ ಕಂಡುಬಂದದ್ದು ಇದರ ಫಲ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿದ್ದು. ಐಟಿಐಗಳ ದಾಖಲೆಯಲ್ಲಿ ಇದರ ತದ್ವಿರುದ್ಧ ವಿಚಿತ್ರ. ಕೇಂದ್ರದ ಕೌಶಲಾಭಿವೃದ್ಧಿ ಸಚಿವಾಲಯ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾಡಿಸಿದ 2018ರ ಅಧ್ಯಯನದಲ್ಲಿ ಉದ್ಯೋಗ ಅಥವಾ ಸ್ವಂತ ದುಡಿಮೆ ಕಂಡುಕೊಂಡವರು ಶೇ 63.5. ಐಟಿಐಗಳೇ ಪೋರ್ಟಲ್‌ಗೆ ತುಂಬಿದ ವಿವರ ಇಟ್ಟುಕೊಂಡು ನೋಡಿದ ನೀತಿ ಆಯೋಗಕ್ಕೆ ಕಂಡ ಪ್ರಮಾಣ ಶೇ 1ರ ಗಡಿಯನ್ನೂ ಮುಟ್ಟುವುದಿಲ್ಲ. ಎರಡರ ನಡುವಿನ ಈ ಕಂದಕವೇ ನನ್ನ ವಾದಕ್ಕೆ ದೊಡ್ಡ ಸಾಕ್ಷಿ. ಹುಡುಗರು ಏನಾದರೆಂದು ಬರೆದಿಡುವುದರಿಂದ ಶಾಲೆಗೆ ಲಾಭವಿಲ್ಲ, ಬರೆಯದಿದ್ದರೆ ನಷ್ಟವೂ ಇಲ್ಲ, ಹಾಗಾಗಿ ಬರೆಯುವುದಿಲ್ಲ.

ಶಾಲೆಯನ್ನು ಕೇಳದೆಯೇ ತಿಳಿಯುವ ದಾರಿ ಈಗ ಇದೆ. ಭವಿಷ್ಯನಿಧಿಗೆ ಸೇರಿದ ಪ್ರತಿ ಕಾರ್ಮಿಕನಿಗೂ 2014ರಿಂದ ಯುಎಎನ್ ಸಂಖ್ಯೆ ಇದೆ, ಅದಕ್ಕೆ ಆಧಾರ್ ಜೋಡಣೆಯಾಗಿದೆ. ಐಟಿಐ ವಿದ್ಯಾರ್ಥಿಯ ಆಧಾರ್ ಕೂಡ ಕೇಂದ್ರದ ಪೋರ್ಟಲ್‌ನಲ್ಲಿದೆ. ಎರಡನ್ನೂ ಸರ್ಕಾರವೇ ತಾಳೆ ಹಾಕಿದರೆ, ಇಂಥ ಸಂಸ್ಥೆಯ ಇಂಥ ಟ್ರೇಡಿನಿಂದ ಪಾಸಾದವರಲ್ಲಿ ಎಷ್ಟು ಮಂದಿಗೆ ಒಂದು ವರ್ಷದೊಳಗೆ ಪಿಎಫ್ ಕಟ್ಟಲಾಯಿತು, ಎಷ್ಟು ತಿಂಗಳು ಕಟ್ಟಲಾಯಿತು, ಯಾವ ಸಂಬಳದ ಮೇಲೆ ಎಂಬುದು ಯಾರ ಹೆಸರನ್ನೂ ಬಯಲು ಮಾಡದೆ ತಿಳಿಯುತ್ತದೆ. ಶೆಡ್ಡು ಹಾಕಿಕೊಂಡವನು, ಟ್ರ್ಯಾಕ್ಟರ್ ರಿಪೇರಿಗೆ ಊರಲ್ಲೇ ಉಳಿದವನು ಈ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದು ನ್ಯಾಯವಾದ ಆಕ್ಷೇಪ. ಅದಕ್ಕೇ ಎರಡನೆಯ ಅಳತೆಗೋಲು ಬೇಕು: ಪ್ರಾಯೋಗಿಕ ಪರೀಕ್ಷೆಯನ್ನು ಕಲಿಸಿದ ಶಾಲೆಯ ಛಾವಣಿಯ ಕೆಳಗೆ ನಡೆಸಕೂಡದು. ಜರ್ಮನಿಯಲ್ಲಿ ಮೆಕ್ಯಾನಿಕ್‌ನ ಪರೀಕ್ಷೆ ತೆಗೆದುಕೊಳ್ಳುವವರು ಕಸಬುದಾರರ ಸಂಘದ ಪರೀಕ್ಷಕ ಮಂಡಳಿಯವರು, ಕಲಿಸಿದ ಮೇಷ್ಟ್ರಲ್ಲ. ನಮ್ಮಲ್ಲಿ ಜಿಟಿಟಿಸಿಯ ಯಂತ್ರಗಳಿವೆ, ಕೆಎಸ್‌ಆರ್‌ಟಿಸಿಯ ಡಿಪೊಗಳಿವೆ. ದೋಷ ಹಾಕಿದ ಒಂದು ಎಂಜಿನ್ ಮುಂದೆ ಹುಡುಗನನ್ನು ನಿಲ್ಲಿಸಿ ಎರಡು ತಾಸು ಕೊಟ್ಟರೆ ಎರಡು ವರ್ಷದ ಶಾಲೆಯ ಬಂಡವಾಳ ಗೊತ್ತಾಗುತ್ತದೆ. ಶೆಡ್ಡಿನ ಹುಡುಗನೂ ನೇರವಾಗಿ ಬಂದು ಆ ಪರೀಕ್ಷೆಗೆ ಕೂರುವಂತಿರಬೇಕು. ಈಗ ಹಳೆಯ ಅನುಭವಕ್ಕೆ ಮಾನ್ಯತೆ ಕೊಡುವ ಯೋಜನೆಗಳು ಕೆಲವೇ ದಿನದ ಓರಿಯೆಂಟೇಷನ್ ಮುಗಿಸಿ ಕಾಗದ ಹಂಚುತ್ತವೆ. ಅದಕ್ಕೆ ಬೆಲೆ ಕೊಡುವ ಕಾರ್ಖಾನೆ ಅಪರೂಪ.

ಇಂಥ ಲೆಕ್ಕಾಚಾರ ಶುರುವಾದರೆ ಹಳ್ಳಿಯ ಬಡ ಶಾಲೆಗಳು ಮುಚ್ಚಿ, ದೂರ ಹೋಗಲಾರದ ಮಕ್ಕಳಿಗೆ ಇದ್ದ ಅವಕಾಶವೂ ತಪ್ಪೀತು ಎನ್ನುವವರಿದ್ದಾರೆ. ಸೀಟುಗಳೇ ಅರ್ಧ ಖಾಲಿ ಇರುವಾಗ ಈ ಭಯ ದೊಡ್ಡದಲ್ಲ. ಕಬ್ಬಾಳಿನಿಂದ ಸಾತನೂರಿಗೆ ಬಂದರೆ ಕನಕಪುರದ ಬಸ್ಸೂ ಚನ್ನಪಟ್ಟಣದ ಬಸ್ಸೂ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗಂತೂ ಬಸ್ ಚಾರ್ಜೇ ಇಲ್ಲ. ಹತ್ತಿರದ ಕೆಟ್ಟ ಶಾಲೆಗೆ ಎರಡು ವರ್ಷ ಕೊಡುವುದಕ್ಕಿಂತ ದೂರದ ಒಳ್ಳೆಯ ಶಾಲೆಗೆ ದಿನಕ್ಕೆರಡು ತಾಸು ಕೊಡುವುದು ಅಗ್ಗ. ಇದೆಲ್ಲ ಮತ್ತೆ ಇನ್‌ಸ್ಪೆಕ್ಟರ್ ರಾಜ್ ತರುತ್ತದೆ, ಕವರು ಕೊಟ್ಟವನ ಫಲಿತಾಂಶ ಚೆನ್ನಾಗಿರುತ್ತದೆ ಎಂಬ ಆಕ್ಷೇಪ ಹೆಚ್ಚು ಗಟ್ಟಿ. ಆದರೆ ಕವರು ಕೆಲಸ ಮಾಡುವುದು ಕಟ್ಟಡದ ಚದರಡಿ ಅಳೆಯುವ ತಪಾಸಣೆಯಲ್ಲಿ. ಕಟ್ಟಡ ಒಬ್ಬ ಅಧಿಕಾರಿಯ ವರದಿ. ಪಿಎಫ್ ಕಟ್ಟಿದ ತಿಂಗಳು ಸಾವಿರಾರು ಮಾಲೀಕರ ವ್ಯವಹಾರ, ಅದನ್ನು ತಿದ್ದಲು ಒಬ್ಬನ ಕೈ ಸಾಲದು.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಶಾಲೆ ಎಷ್ಟು ಚೆನ್ನಾಗಿ ಕಲಿಸಿದರೂ ಕಾರ್ಖಾನೆಗಳೇ ಕಾಯಂ ಕೆಲಸ ಕೊಡದಿದ್ದರೆ ಏನು ಮಾಡುವುದು? ಬಿಡದಿ, ಹಾರೋಹಳ್ಳಿಗಳಲ್ಲಿ ಹುಡುಗರು ಟ್ರೈನಿ, ಅಪ್ರೆಂಟಿಸ್, ಕಾಂಟ್ರ್ಯಾಕ್ಟ್ ಎಂದು ಹೆಸರು ಬದಲಿಸಿಕೊಂಡು ವರ್ಷಗಳನ್ನು ಕಳೆಯುತ್ತಾರೆ. ಕಲಿಕೆಯ ಹೆಸರಿನಲ್ಲಿ 2013ರಲ್ಲಿ ಬಂದ ನೀಮ್ ಯೋಜನೆಯನ್ನು ದೇಶದ ಎಷ್ಟೋ ಕಾರ್ಖಾನೆಗಳು ಅಗ್ಗದ ಕೂಲಿಯ ಬಾಗಿಲಾಗಿ ಬಳಸಿಕೊಂಡವು. ಕೊನೆಗೆ ಅದನ್ನು ನಿಲ್ಲಿಸಬೇಕಾಯಿತು. 2019ರ ನಿಯಮ ಗೊತ್ತುಮಾಡಿದ ಅಪ್ರೆಂಟಿಸ್‌ನ ಕನಿಷ್ಠ ಸ್ಟೈಪೆಂಡ್ 5,000ದಿಂದ 9,000 ರೂಪಾಯಿ. ಬೆಂಗಳೂರಿನ ಸೆರಗಿನಲ್ಲಿ ಒಂದು ರೂಮಿನ ಬಾಡಿಗೆ, ಊಟಕ್ಕೆ ಸರಿಹೋಯಿತು. ಕೆಲಸ ಬಲ್ಲವರು ಸಿಗುವುದಿಲ್ಲ ಎಂದು ಕೊರಗುವ ಮಾಲೀಕರು, ಬಲ್ಲವನಿಗೂ ಬಾರದವನಿಗೂ ಒಂದೇ ದಿನಗೂಲಿ ಇಟ್ಟರೆ ಹುಡುಗ ಅರ ಹಿಡಿದು ಕೈ ಸವೆಸಿಕೊಳ್ಳುವುದಾದರೂ ಏಕೆ? ಒಳ್ಳೆಯ ಕೈಗೆ ಹೆಚ್ಚು ಕೂಲಿ ಎಂಬುದು ಮಾಲೀಕರ ಪಾಲಿನ ಕೆಲಸ. ಆದರೆ ಒಳ್ಳೆಯ ಕೈ ಯಾವುದೆಂದು ಅವರು ನಂಬುವಂಥ ಪರೀಕ್ಷೆ ಇಲ್ಲದಿರುವುದೂ ಎಲ್ಲರಿಗೂ ಒಂದೇ ಕೂಲಿ ಇಡಲು ಒಂದು ಕಾರಣ.

ಇದಕ್ಕೆಲ್ಲ ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ. ಪಿಎಫ್ ದತ್ತಾಂಶಕ್ಕೆ ಕೇಂದ್ರದ ಒಪ್ಪಿಗೆ ಬೇಕು, ಮಾನ್ಯತೆಯೂ ಅಲ್ಲಿಯದೇ. ಆದರೆ ರಾಜ್ಯದ ಕೈಯಲ್ಲಿ ಹಣದ ಎರಡು ಹಗ್ಗಗಳಿವೆ. ಅನುದಾನಿತ ಐಟಿಐಗಳಿಗೆ ಕೈಗಾರಿಕಾ ತರಬೇತಿ ಇಲಾಖೆ ಕೊಡುವ ಅನುದಾನ ಒಂದು, ಖಾಸಗಿ ಸಂಸ್ಥೆಗಳಲ್ಲಿ ಓದುವ ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಮಕ್ಕಳ ಪರವಾಗಿ ಕಟ್ಟುವ ಶುಲ್ಕ ಇನ್ನೊಂದು. ಈ ಹಣ ಪಡೆಯುವ ಪ್ರತಿ ಸಂಸ್ಥೆಯೂ, ಅದರ ಜೊತೆಗೆ ಸರ್ಕಾರಿ ಐಟಿಐಗಳೂ, ಪ್ರತಿ ಟ್ರೇಡಿಗೂ ಹಿಂದಿನ ಮೂರು ಬ್ಯಾಚುಗಳ ವಿವರವನ್ನು ಪ್ರವೇಶದ ಅರ್ಜಿಯ ಮೊದಲ ಪುಟದಲ್ಲೇ ಅಚ್ಚು ಹಾಕಬೇಕೆಂದು ಒಂದು ಸುತ್ತೋಲೆಯಲ್ಲಿ ಹೇಳಬಹುದು: ಸೇರಿದವರೆಷ್ಟು, ಹೊರಗಿನ ಪರೀಕ್ಷಕರ ಮುಂದೆ ಪಾಸಾದವರೆಷ್ಟು, ಅಪ್ರೆಂಟಿಸ್ ಒಪ್ಪಂದ ಸಿಕ್ಕವರೆಷ್ಟು, ವರ್ಕ್‌ಶಾಪಿನ ಕಚ್ಚಾಮಾಲಿಗೆ ತಲಾ ಖರ್ಚು ಮಾಡಿದ್ದೆಷ್ಟು. ಅಪ್ರೆಂಟಿಸ್ ಒಪ್ಪಂದಗಳು ಈಗಾಗಲೇ ಕೇಂದ್ರದ ಪೋರ್ಟಲ್‌ನಲ್ಲಿ ದಾಖಲಾಗುತ್ತಿವೆ, ತಾಳೆ ನೋಡುವುದು ಕಷ್ಟವಿಲ್ಲ. ಸುಳ್ಳು ಬರೆದವರ ಅನುದಾನ ನಿಲ್ಲಬೇಕು. ಕಚ್ಚಾಮಾಲಿನ ಬಾಬತ್ತು ಒಂದನ್ನೇ ನೋಡಿದರೂ ಸಾಕು. ವರ್ಷಕ್ಕೆ ಒಬ್ಬ ಫಿಟ್ಟರ್ ಹುಡುಗನಿಗೆ ಎಷ್ಟು ಕಿಲೊ ಕಬ್ಬಿಣ ಕೊಟ್ಟರು ಎಂಬ ಅಂಕಿಯಿಂದ ಆ ಶಾಲೆಯ ವರ್ಕ್‌ಶಾಪಿನ ಬಾಗಿಲು ವಾರಕ್ಕೆ ಎಷ್ಟು ದಿನ ತೆರೆದಿತ್ತೆಂದು ಯಾವ ಮೇಸ್ತ್ರಿ ಬೇಕಾದರೂ ಹೇಳಬಲ್ಲ.